ಟ್ರ್ಯಾಕ್ ಲೈಟ್ ಉರಿಯುತ್ತಿಲ್ಲವಾ? ತೊಂದರೆ ಎಲ್ಲಿದೆ ಅಂತ ಹುಡುಕುವ ಕ್ರಮ ಇಲ್ಲಿದೆ

ಹೊಸ ಫ್ಲ್ಯಾಟ್ ಇರಲಿ, ಹಳೇ ಮನೆಗೆ ಇಂಟೀರಿಯರ್ ಮಾಡಿಸಿದ್ದಿರಲಿ, ಹಾಲ್‌ನಲ್ಲಿ ಟ್ರ್ಯಾಕ್ ಲೈಟ್ ಈಗ ಮಾಮೂಲಿ. ಸೀಲಿಂಗಿಗೆ ಬಿಗಿಸಿದ ಉದ್ದ ಲೋಹದ ಹಳಿಯೇ ಟ್ರ್ಯಾಕ್, ಅದಕ್ಕೆ ಸಿಕ್ಕಿಸುವ ಒಂದೊಂದು ದೀಪವೂ ಒಂದು ಹೆಡ್. ಟಿವಿ ಗೋಡೆಗೆ ಒಂದು ಹೆಡ್, ಫೋಟೋಗಳಿಗೆ ಒಂದು, ಪುಸ್ತಕದ ಕಪಾಟಿಗೆ ಒಂದು ಅಂತ ಬೇಕಾದ ಕಡೆ ತಿರುಗಿಸಿಕೊಳ್ಳಬಹುದು. ಆದರೆ ಒಂದು ದಿನ ಉರಿಯದೇ ಹೋದರೆ ಬಹಳ ಜನ ಸೀದಾ ಅಂಗಡಿಗೆ ಹೋಗಿ ಹೊಸ ಹೆಡ್ ತರುತ್ತಾರೆ. ಹಾಕಿದರೆ ಅದೂ ಉರಿಯುವುದಿಲ್ಲ. ದುಡ್ಡು ದಂಡ.

ಟ್ರ್ಯಾಕ್ ಲೈಟಿನಲ್ಲಿ ಕರೆಂಟ್ ಒಂದು ಲೋಹದಿಂದ ಇನ್ನೊಂದಕ್ಕೆ ದಾಟುವ ಜಾಗಗಳು ಜಾಸ್ತಿ. ಕನೆಕ್ಟರಿನ ಸ್ಕ್ರೂ, ಎರಡು ತುಂಡು ಸೇರುವ ಜಾಯಿಂಟ್, ಹೆಡ್ಡಿನ ತಾಮ್ರದ ನಾಲಿಗೆ, ಫಾಲ್ಸ್ ಸೀಲಿಂಗ್ ಮೇಲೆ ಟೇಪ್ ಸುತ್ತಿಟ್ಟ ಗಂಟು. ಸಾಮಾನ್ಯವಾಗಿ ತೊಂದರೆ ಇರುವುದು ಇವುಗಳಲ್ಲೇ. ಹಾಗಾಗಿ ಏನನ್ನೂ ಕೊಳ್ಳುವ ಮುಂಚೆ ಕರೆಂಟ್ ಎಲ್ಲಿಯವರೆಗೆ ಬಂದು ನಿಂತಿದೆ ಅಂತ ಕಂಡುಹಿಡಿಯಬೇಕು.

ನಿಮ್ಮದು ಯಾವ ಟ್ರ್ಯಾಕ್?

ಸ್ವಿಚ್ ಆಫ್ ಮಾಡಿ, ಕೆಳಗಿನಿಂದಲೇ ಟ್ರ್ಯಾಕಿನ ಸಂದಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಎರಡು ತಾಮ್ರದ ಪಟ್ಟಿ ಇದ್ದರೆ ಒಂದು ಫೇಸ್ (ಕರೆಂಟ್ ತರುವುದು), ಇನ್ನೊಂದು ನ್ಯೂಟ್ರಲ್ (ವಾಪಸ್ ಒಯ್ಯುವುದು). ಅಗ್ಗದ ಟ್ರ್ಯಾಕ್‌ಗಳು ಹೀಗಿರುತ್ತವೆ. ಜೊತೆಗೆ ಅರ್ಥ್ ಪಟ್ಟಿಯೂ ಇದ್ದರೆ ಅದು ತ್ರೀ ವೈರ್ ಟ್ರ್ಯಾಕ್. ಒಂದೊಂದು ಬದಿಗೆ ಎರಡೆರಡು ಪಟ್ಟಿ ಇದ್ದರೆ ಅದು ತ್ರೀ ಸರ್ಕ್ಯೂಟ್ ಟ್ರ್ಯಾಕ್. ಮೂರು ಫೇಸ್ ಪಟ್ಟಿ, ಒಂದು ನ್ಯೂಟ್ರಲ್, ಬಾಡಿಗೆ ಅರ್ಥ್. ಹೆಡ್ಡನ್ನು ಮ್ಯಾಗ್ನೆಟ್ ಹಿಡಿದಿಟ್ಟುಕೊಂಡಿದ್ದರೆ ಅದು ಸಾಮಾನ್ಯವಾಗಿ 48 ವೋಲ್ಟ್ ಡಿಸಿಯಲ್ಲಿ ಓಡುವ ಟ್ರ್ಯಾಕ್. ಅದರ ವಿಷಯ ಮುಂದೆ ಬೇರೆಯಾಗಿ ಹೇಳುತ್ತೇನೆ.

ಒಂದು ಬಗೆಯ ಹೆಡ್ ಇನ್ನೊಂದು ಬಗೆಯ ಟ್ರ್ಯಾಕಿಗೆ ಕೂರುವುದಿಲ್ಲ. ಒತ್ತಿ ಕೂರಿಸಿದರೂ ತಾಮ್ರ ತಾಮ್ರಕ್ಕೆ ತಾಗುವುದಿಲ್ಲ. ಹಳೇ ಟ್ರ್ಯಾಕಿಗೆ ಬೇರೆ ಕಂಪನಿಯ ಹೆಡ್ ತಂದು ಹಾಕಿದ್ದು ಉರಿಯುತ್ತಿಲ್ಲ ಅಂದರೆ ಮೊದಲ ಅನುಮಾನ ಇದರ ಮೇಲೇ ಇರಲಿ.

ಕೈ ಹಾಕುವ ಮುಂಚೆ

ಟ್ರ್ಯಾಕಿನೊಳಗಿನ ತಾಮ್ರ ಬರಿಯ ತಾಮ್ರ. ಅದಕ್ಕೆ ಹೊದಿಕೆ ಇಲ್ಲ. ಅದರಲ್ಲಿ 230 ವೋಲ್ಟ್ ಓಡುತ್ತಿರುತ್ತದೆ. ಗೋಡೆಯ ಸ್ವಿಚ್ ಆಫ್ ಮಾಡಿದ್ದೇನೆ ಅಂತ ಸಂದಿಗೆ ಸ್ಕ್ರೂ ಡ್ರೈವರ್ ಹಾಕಬೇಡಿ. ವೈರಿಂಗ್ ಮಾಡಿದವರು ಫೇಸ್ ಬದಲು ನ್ಯೂಟ್ರಲ್ಲನ್ನು ಸ್ವಿಚ್ಚಿಗೆ ಕೊಟ್ಟಿದ್ದರೆ, ಲೈಟ್ ಆರಿದ್ದರೂ ಟ್ರ್ಯಾಕಿನಲ್ಲಿ ಫೇಸ್ ಜೀವಂತವಾಗಿ ಇರುತ್ತದೆ.

ಮನೆಯ ಲೈನ್‌ಗಳೆಲ್ಲ ಹಂಚಿಹೋಗುವ ಡಿಬಿ ಬಾಕ್ಸಿನಲ್ಲಿ ಎಂಸಿಬಿ, ಅಂದರೆ ಕರೆಂಟ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್, ಇಳಿಸಿ. ಇಷ್ಟಕ್ಕೇ ನಿಲ್ಲಿಸಬೇಡಿ. ನಮ್ಮ ಕಡೆ ಬಹಳ ಮನೆಗಳಲ್ಲಿ ಲೈಟಿನ ಲೈನ್ ಯುಪಿಎಸ್ ಮೇಲೆ ಇರುತ್ತದೆ. ಎಂಸಿಬಿ ಇಳಿಸಿದ ಕೂಡಲೇ ಯುಪಿಎಸ್ "ಕರೆಂಟ್ ಹೋಯ್ತು" ಅಂತ ತಿಳಿದು ಬ್ಯಾಟರಿಯಿಂದ ಅದೇ ಲೈನಿಗೆ ಕರೆಂಟ್ ಕೊಡಬಹುದು. ಯುಪಿಎಸ್ ಕೂಡ ಆಫ್ ಮಾಡಿ. ಮನೆಯವರಿಗೆಲ್ಲ ಹೇಳಿ, ಡಿಬಿ ಮೇಲೆ ಒಂದು ಚೀಟಿ ಅಂಟಿಸಿ. ಯಾರಾದರೂ ಸುಮ್ನೆ ಬಂದು ಎಂಸಿಬಿ ಎತ್ತಿಬಿಟ್ಟರೆ ಕಷ್ಟ.

ಮಂಚದ ಮೇಲೆ ಪ್ಲಾಸ್ಟಿಕ್ ಕುರ್ಚಿ ಇಟ್ಟು ಹತ್ತುವುದು ಬೇಡ. ಗಟ್ಟಿ ಏಣಿ, ಒಣಗಿದ ಕೈ, ಕಾಲಿಗೆ ಚಪ್ಪಲಿ ಇರಲಿ.

ಬರೀ ಟೆಸ್ಟರ್ ಸಾಲದು. ಪಕ್ಕದ ವೈರಿನಿಂದ ಇಂಡಕ್ಷನ್ ಆಗಿ ಬಂದ ಚೂರು ವೋಲ್ಟೇಜಿಗೂ ನಿಯಾನ್ ಟೆಸ್ಟರ್ ಮಿನುಗುತ್ತದೆ. ನ್ಯೂಟ್ರಲ್ ಕಟ್ ಆಗಿದ್ದರೆ ಅದು ಹೇಳುವುದೇ ಇಲ್ಲ. ಒಂದು ಡಿಜಿಟಲ್ ಮಲ್ಟಿಮೀಟರ್ ಇಟ್ಟುಕೊಳ್ಳಿ. ಕರೆಂಟ್ ಇಲ್ಲದೆ, ಬೀಪ್ ಸದ್ದಿನಲ್ಲಿ ಮಾಡುವ ಪರೀಕ್ಷೆಗಳನ್ನು ನೀವೇ ಮಾಡಬಹುದು. ಕರೆಂಟ್ ಇರುವಾಗ ವೋಲ್ಟೇಜ್ ಅಳೆಯುವುದು, ಡಿಬಿ ಬಿಚ್ಚುವುದು ಪರ್ಮಿಟ್ ಇರುವ ವೈರ್‌ಮನ್ ಕೆಲಸ. ಕರ್ನಾಟಕದಲ್ಲಿ ಈ ಪರ್ಮಿಟ್ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಅವರು ಬಂದಾಗ ಏನು ಅಳೆಯುತ್ತಿದ್ದಾರೆ, ಯಾಕೆ ಅಂತ ನಿಮಗೆ ಗೊತ್ತಿದ್ದರೆ ಕೆಲಸ ಬೇಗ ಮುಗಿಯುತ್ತದೆ.

ಇಡೀ ಟ್ರ್ಯಾಕ್ ಉರಿಯದಿದ್ದರೆ

1. ಅದೇ ಎಂಸಿಬಿ ಮೇಲಿರುವ ಬೇರೆ ಲೈಟ್, ಫ್ಯಾನ್ ಓಡುತ್ತಿವೆಯಾ ನೋಡಿ. ಅವೂ ಇಲ್ಲದಿದ್ದರೆ ಟ್ರ್ಯಾಕಿನ ತಪ್ಪಲ್ಲ, ಡಿಬಿ ಕಡೆ ಹೋಗಿ.

2. ತ್ರೀ ಸರ್ಕ್ಯೂಟ್ ಟ್ರ್ಯಾಕ್ ಆಗಿದ್ದರೆ ಹೆಡ್ಡಿನ ಅಡಾಪ್ಟರ್ (ಟ್ರ್ಯಾಕಿಗೆ ಸಿಕ್ಕಿಸುವ ಭಾಗ) ಮೇಲೆ 1, 2, 3 ಅಂತ ಬರೆದ ಸಣ್ಣ ತಿರುಗಣೆ ಇರುತ್ತದೆ. ವೈರ್ ಕೊಟ್ಟಿರುವುದು 1ಕ್ಕೆ ಮಾತ್ರ, ಹೆಡ್ ಇರುವುದು 2ರಲ್ಲಿ ಅಂದರೆ ಉರಿಯುವುದಿಲ್ಲ. ಕರೆಂಟ್ ಆಫ್ ಮಾಡಿ ಹೆಡ್ ಬಿಚ್ಚಿ, ತಿರುಗಿಸಿ, ಮತ್ತೆ ಹಾಕಿ.

3. ಎಲ್ಲ ಆಫ್ ಮಾಡಿ ಟ್ರ್ಯಾಕಿನ ಆರಂಭದ ಕನೆಕ್ಟರ್ ಬಿಚ್ಚಿ. ಅಂಗಡಿಯಲ್ಲಿ ಇದಕ್ಕೆ ಲೈವ್ ಎಂಡ್ ಅನ್ನುತ್ತಾರೆ. ಅದರೊಳಗಿನ ವೈರ್‌ಗಳನ್ನು ಒಂದೊಂದಾಗಿ ಮೆಲ್ಲಗೆ ಎಳೆದು ನೋಡಿ. ಸ್ಕ್ರೂ ವೈರಿನ ತಾಮ್ರದ ಬದಲು ಪ್ಲಾಸ್ಟಿಕ್ ಹೊದಿಕೆಯನ್ನು ಕಚ್ಚಿರುವುದು ತುಂಬಾ ಸಾಮಾನ್ಯ. ಹೊರಗಿನಿಂದ ಬಿಗಿಯಾಗಿಯೇ ಕಾಣುತ್ತದೆ. ಒಳಗೆ ತಾಮ್ರ ತಾಗಿರುವುದಿಲ್ಲ, ಇಲ್ಲವೇ ಒಂದೆರಡು ಎಳೆ ಮಾತ್ರ ತಾಗಿರುತ್ತವೆ. ಹೊದಿಕೆಯನ್ನು ಸುಮಾರು 8 ಮಿಲಿಮೀಟರ್ ಸುಲಿದು, ಎಳೆಗಳನ್ನು ಹುರಿ ಮಾಡಿ, ಪೂರ್ತಿ ಒಳಗೆ ಹಾಕಿ ಬಿಗಿ ಮಾಡಿ.

4. ಕನೆಕ್ಟರ್ ಟ್ರ್ಯಾಕಿನೊಳಗೆ ಕೊನೆಯವರೆಗೆ ಕೂತಿದೆಯಾ ನೋಡಿ. 2 ಮಿಲಿಮೀಟರ್ ಹೊರಗೆ ಉಳಿದಿದ್ದರೂ ಅದರ ನಾಲಿಗೆ ಪಟ್ಟಿಗೆ ಸರಿಯಾಗಿ ತಾಗದಿರಬಹುದು.

5. ಇಷ್ಟರಲ್ಲಿ ಏನೂ ಸಿಗದಿದ್ದರೆ ವೈರ್‌ಮನ್ ಕರೆಸಿ, ಕನೆಕ್ಟರಿಗೆ ಬರುವ ವೈರ್‌ಗಳಲ್ಲಿ ಮೂರು ಅಳತೆ ತೆಗೆಸಿ: ಫೇಸ್ ಮತ್ತು ನ್ಯೂಟ್ರಲ್ ನಡುವೆ, ಫೇಸ್ ಮತ್ತು ಅರ್ಥ್ ನಡುವೆ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ.

ಈ ಮೂರು ಅಳತೆಯಲ್ಲೇ ಉತ್ತರ ಇದೆ. ಮೊದಲ ಎರಡೂ 230ರ ಆಸುಪಾಸು, ಮೂರನೆಯದು ಒಂದೆರಡು ವೋಲ್ಟ್ ಬಂದರೆ ವೈರಿಂಗ್ ಸರಿ ಇದೆ, ತೊಂದರೆ ಟ್ರ್ಯಾಕಿನಲ್ಲಿ. ಫೇಸ್‌ನಿಂದ ಅರ್ಥಿಗೆ 230 ಇದೆ, ಆದರೆ ಫೇಸ್‌ನಿಂದ ನ್ಯೂಟ್ರಲ್ಲಿಗೆ ಇಲ್ಲ ಅಂದರೆ ನ್ಯೂಟ್ರಲ್ ಎಲ್ಲೋ ಕಟ್ ಆಗಿದೆ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಹತ್ತಾರು ವೋಲ್ಟ್ ಕಂಡರೆ ನ್ಯೂಟ್ರಲ್ ಲೂಸ್ ಇರಬಹುದು, ಅರ್ಥಿಂಗ್ ಸರಿ ಇಲ್ಲದಿರಬಹುದು. ಮೂರೂ ಸೊನ್ನೆ ಅಂದರೆ ಫೇಸೇ ಬಂದಿಲ್ಲ. ಸ್ವಿಚ್ ಅಥವಾ ಅದರ ಹಿಂದಿನ ವೈರ್ ನೋಡಬೇಕು.

ವೈರಿನ ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ನಿಯಮದ ಪ್ರಕಾರ ಕೆಂಪು, ಹಳದಿ, ನೀಲಿ ಫೇಸ್‌ಗೆ, ಕಪ್ಪು ನ್ಯೂಟ್ರಲ್ಲಿಗೆ, ಹಸಿರು ಅರ್ಥಿಗೆ. ಆದರೆ ಕೆಲಸದ ದಿನ ಕೈಗೆ ಸಿಕ್ಕ ಬಣ್ಣ ಎಳೆದಿರುವ ಮನೆಗಳು ಬೇಕಾದಷ್ಟಿವೆ.

ನ್ಯೂಟ್ರಲ್ ಎಲ್ಲಿ ಕಟ್ ಆಗಿರುತ್ತದೆ? ನಾನಾದರೆ ಮೊದಲು ಫಾಲ್ಸ್ ಸೀಲಿಂಗ್ ಮೇಲೆ ನೋಡುತ್ತೇನೆ. ಸ್ಲ್ಯಾಬಿನ ಹಳೇ ಪಾಯಿಂಟಿನಿಂದ ಟ್ರ್ಯಾಕಿನ ಹೊಸ ಜಾಗಕ್ಕೆ ವೈರ್ ಎಳೆಯುವಾಗ ಎರಡು ತುದಿ ತಿರುಚಿ ಟೇಪ್ ಸುತ್ತಿರುತ್ತಾರೆ. ಸೀಲಿಂಗಿನ ಶಾಖಕ್ಕೆ ಟೇಪಿನ ಗೋಂದು ಕರಗುತ್ತದೆ, ಗಂಟು ಸಡಿಲವಾಗುತ್ತದೆ, ತಾಮ್ರ ಕಪ್ಪಾಗುತ್ತದೆ. ಅಂಥ ಗಂಟು ಸಿಕ್ಕರೆ ಅದನ್ನೇ ಮತ್ತೆ ತಿರುಚಬೇಡಿ. ಕಪ್ಪಾದ ಭಾಗ ಕತ್ತರಿಸಿ, ಒಳ್ಳೆಯ ಟರ್ಮಿನಲ್ ಕನೆಕ್ಟರ್ ಹಾಕಿಸಿ, ಜಂಕ್ಷನ್ ಬಾಕ್ಸಿನೊಳಗೆ ಇಡಿಸಿ.

ಅರ್ಧ ಟ್ರ್ಯಾಕ್ ಅಥವಾ ಒಂದೇ ಹೆಡ್ ಉರಿಯದಿದ್ದರೆ

ಇದು ಸುಲಭ. ಆಫ್ ಮಾಡಿ, ಉರಿಯದ ಹೆಡ್ ಬಿಚ್ಚಿ, ಉರಿಯುವ ಹೆಡ್ ಇದ್ದ ಜಾಗಕ್ಕೆ ಹಾಕಿ. ಅದನ್ನು ಇದರ ಜಾಗಕ್ಕೆ ಹಾಕಿ. ಆನ್ ಮಾಡಿ. ಹೆಡ್ ಜೊತೆಗೇ ತೊಂದರೆ ಹೋದರೆ ಹೆಡ್ ಕೆಟ್ಟಿದೆ. ತೊಂದರೆ ಅಲ್ಲೇ ಉಳಿದರೆ ಟ್ರ್ಯಾಕಿನ ಆ ಜಾಗ ಕೆಟ್ಟಿದೆ.

ಜಾಗ ಕೆಟ್ಟಿದ್ದರೆ ಕಾರಣ ಹೆಚ್ಚಾಗಿ ಪೇಂಟ್ ಅಥವಾ ಪುಟ್ಟಿ. ಇಂಟೀರಿಯರ್ ಕೆಲಸದಲ್ಲಿ ಟ್ರ್ಯಾಕ್ ಮೊದಲು ಕೂರುತ್ತದೆ, ಕೊನೆಯ ಕೋಟ್ ಪೇಂಟ್ ಆಮೇಲೆ ಬರುತ್ತದೆ. ಪುಟ್ಟಿ ಉಜ್ಜುವಾಗ ಏಳುವ ಬಿಳಿ ಪುಡಿ ಸಂದಿಯೊಳಗೆ ಹೋಗಿ ತಾಮ್ರದ ಮೇಲೆ ತೆಳುವಾಗಿ ಕೂರುತ್ತದೆ. ಸ್ಪ್ರೇ ಪೇಂಟ್ ಆದರೆ ಇನ್ನೂ ಕಷ್ಟ. ಟಾರ್ಚ್ ಬಿಟ್ಟು ಓರೆಯಾಗಿ ನೋಡಿದರೆ ಪಟ್ಟಿ ಹೊಳೆಯುವ ಬದಲು ಮಂಕಾಗಿ ಕಾಣುತ್ತದೆ. ಪಟ್ಟಿಯ ಮೇಲೆ ಚುಕ್ಕಿಯಷ್ಟು ಕಪ್ಪು ಗುರುತು ಇದ್ದರೆ ಅಲ್ಲಿ ಕಿಡಿ ಹಾರಿದೆ ಅಂತ ಅರ್ಥ.

ಎಂಸಿಬಿ, ಯುಪಿಎಸ್ ಎರಡೂ ಆಫ್ ಮಾಡಿ, ಹೆಡ್‌ಗಳನ್ನೆಲ್ಲ ತೆಗೆದು, ಐಸ್‌ಕ್ರೀಮ್ ಕಡ್ಡಿಯಂಥ ಚಪ್ಪಟೆ ಮರದ ಕಡ್ಡಿಯಿಂದ ಪಟ್ಟಿಯನ್ನು ಮೆಲ್ಲಗೆ ಕೆರೆಯಿರಿ. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯನ್ನು ಅದೇ ಕಡ್ಡಿಗೆ ಸುತ್ತಿ ಒರೆಸಿ. ಪೂರ್ತಿ ಆರಲು ಬಿಡಿ. ಒರಟು ಮರಳು ಕಾಗದ, ನೀರು, ಎಣ್ಣೆ ಯಾವುದೂ ಬೇಡ. ಎಣ್ಣೆ ಹಚ್ಚಿದರೆ ಧೂಳು ಅಲ್ಲೇ ಕಚ್ಚಿಕೊಳ್ಳುತ್ತದೆ.

ಈಗ ಹೆಡ್ಡಿನ ಅಡಾಪ್ಟರ್ ಕೈಯಲ್ಲಿ ಹಿಡಿದು ನೋಡಿ. ಎರಡು ಬದಿಗೆ ಉಗುರಿನ ತುದಿಯಷ್ಟು ತಾಮ್ರದ ನಾಲಿಗೆಗಳಿವೆ. ಬೆರಳಿನಿಂದ ಒತ್ತಿದರೆ ಸ್ಪ್ರಿಂಗಿನ ಹಾಗೆ ವಾಪಸ್ ಬರಬೇಕು. ಒಳಗೇ ಉಳಿದರೆ ಅದು ಪಟ್ಟಿಗೆ ಒತ್ತುತ್ತಿಲ್ಲ. ಸಣ್ಣ ಸ್ಕ್ರೂ ಡ್ರೈವರ್‌ನಿಂದ 1 ಮಿಲಿಮೀಟರಿನಷ್ಟು ಹೊರಗೆ ಬಾಗಿಸಿ. ಜಾಸ್ತಿ ಬಾಗಿಸಿದರೆ ಮುರಿಯುತ್ತದೆ. ನಾಲಿಗೆಯ ಸುತ್ತ ಪ್ಲಾಸ್ಟಿಕ್ ಕರಗಿದ್ದರೆ ರಿಪೇರಿ ಬೇಡ, ಆ ಅಡಾಪ್ಟರ್ ಬದಲಾಯಿಸಿ.

ಒಂದು ಜಾಯಿಂಟ್ ಆದಮೇಲಿನ ಹೆಡ್‌ಗಳೆಲ್ಲ ಆರಿದ್ದರೆ ಜಾಯಿಂಟನ್ನೇ ಬಿಚ್ಚಿ. ಟ್ರ್ಯಾಕಿನ ಒಂದು ಬದಿಯಲ್ಲಿ ಉದ್ದಕ್ಕೂ ಒಂದು ಸಣ್ಣ ಏಣು ಇರುತ್ತದೆ. ಎರಡೂ ತುಂಡಿನ ಏಣು ಒಂದೇ ಬದಿಗೆ ಬರಬೇಕು. ಎಲ್ ಆಕಾರದ ಜಾಯಿಂಟ್‌ಗಳಲ್ಲಿ ಎಡದ್ದು, ಬಲದ್ದು ಅಂತ ಬೇರೆ ಬೇರೆ ಸಿಗುತ್ತವೆ. ತಪ್ಪಾದದ್ದನ್ನು ತಂದು ಬಲವಂತವಾಗಿ ಕೂರಿಸಿದರೆ ಉರಿಯದೇ ಹೋಗಬಹುದು, ಅಥವಾ ಫೇಸ್ ಪಟ್ಟಿ ಅರ್ಥಿಗೆ ಸೇರಿಬಿಡಬಹುದು. ಎರಡನೆಯದು ಅಪಾಯ.

ಎಲ್ಲಿ ಕಡಿದಿದೆ ಅಂತ ಖಚಿತ ಮಾಡಿಕೊಳ್ಳಲು ಕರೆಂಟ್ ಇಲ್ಲದೆಯೇ ಪರೀಕ್ಷೆ ಇದೆ. ಎಲ್ಲ ಆಫ್, ಹೆಡ್‌ಗಳೆಲ್ಲ ಹೊರಗೆ, ಲೈವ್ ಎಂಡಿನಿಂದ ವೈರ್‌ಗಳೂ ಹೊರಗೆ. ಮಲ್ಟಿಮೀಟರ್ ಬೀಪ್ ಮೋಡಿಗೆ ಹಾಕಿ, ಒಂದು ಪ್ರೋಬ್ ಲೈವ್ ಎಂಡಿನ ಫೇಸ್ ಸ್ಕ್ರೂಗೆ, ಇನ್ನೊಂದು ಅದೇ ಪಟ್ಟಿಯ ದೂರದ ತುದಿಗೆ ಇಡಿ. ಬೀಪ್ ಬಂದರೆ ಸರಿ. ಬರದಿದ್ದರೆ ನಡುವಿನ ಜಾಯಿಂಟಿಗೆ ಬನ್ನಿ, ಅಲ್ಲಿಂದ ಮತ್ತೆ ಅರ್ಧ. ನ್ಯೂಟ್ರಲ್ ಪಟ್ಟಿಗೂ ಹಾಗೇ ಮಾಡಿ. ಕೊನೆಗೆ ಫೇಸ್ ಪಟ್ಟಿ ಮತ್ತು ಅಲ್ಯುಮಿನಿಯಂ ಬಾಡಿ ನಡುವೆ, ಫೇಸ್ ಮತ್ತು ನ್ಯೂಟ್ರಲ್ ನಡುವೆ, ನ್ಯೂಟ್ರಲ್ ಮತ್ತು ಬಾಡಿ ನಡುವೆ ನೋಡಿ. ಇಲ್ಲಿ ಬೀಪ್ ಬರಲೇಬಾರದು.

ಟ್ರಿಪ್ ಆಗುತ್ತಿದ್ದರೆ

ಬೀಳುತ್ತಿರುವುದು ಎಂಸಿಬಿಯಾ, ಆರ್‌ಸಿಸಿಬಿಯಾ (ಕರೆಂಟ್ ಸೋರಿದರೆ ಬೀಳುವ ಸ್ವಿಚ್) ಅಂತ ಮೊದಲು ನೋಡಿ. ಎಂಸಿಬಿ ಬಿದ್ದರೆ ಶಾರ್ಟ್ ಅಥವಾ ಓವರ್‌ಲೋಡ್. ಆರ್‌ಸಿಸಿಬಿ ಬಿದ್ದರೆ ಕರೆಂಟ್ ಎಲ್ಲೋ ಅರ್ಥಿಗೆ ಸೋರುತ್ತಿದೆ, ಇಲ್ಲವೇ ನ್ಯೂಟ್ರಲ್ ಕಲಬೆರಕೆ ಆಗಿದೆ.

ಟ್ರ್ಯಾಕ್ ಲೈಟಿನಿಂದ ಓವರ್‌ಲೋಡ್ ಆಗುವುದು ಅಪರೂಪ. 12 ವ್ಯಾಟಿನ 10 ಹೆಡ್ ಅಂದರೆ 120 ವ್ಯಾಟ್. 230 ವೋಲ್ಟಿನಲ್ಲಿ ಅರ್ಧ ಆಂಪಿಯರ್ ಸುಮಾರು. ಎಲ್‌ಇಡಿಗೆ ತಕ್ಕ ಹಾಗೆ ಕರೆಂಟ್ ಬದಲಿಸಿ ಕೊಡುವ ಸರ್ಕ್ಯೂಟಿಗೆ ಡ್ರೈವರ್ ಅನ್ನುತ್ತಾರೆ. ಅಗ್ಗದ ಡ್ರೈವರ್‌ಗಳ ಪವರ್ ಫ್ಯಾಕ್ಟರ್ ಕಡಿಮೆ ಇದ್ದು ಕರೆಂಟ್ ಜಾಸ್ತಿ ಎಳೆದರೂ 1 ಆಂಪಿಯರ್ ಆಚೀಚೆ. 6 ಆಂಪಿಯರ್ ಎಂಸಿಬಿ ಇದಕ್ಕೆ ಬೀಳಬಾರದು.

ಎಲ್ಲ ಹೆಡ್ ತೆಗೆದು ಖಾಲಿ ಟ್ರ್ಯಾಕಿಗೆ ಕರೆಂಟ್ ಕೊಡಿ. ನಿಂತರೆ ಟ್ರ್ಯಾಕ್ ಸರಿ ಇದೆ. ಪ್ರತಿಸಲ ಆಫ್ ಮಾಡಿ ಒಂದೊಂದೇ ಹೆಡ್ ಹಾಕುತ್ತಾ ಹೋಗಿ. ಯಾವುದು ಹಾಕಿದಾಗ ಬೀಳುತ್ತದೋ ಅದೇ ಕಳ್ಳ. ಖಾಲಿ ಟ್ರ್ಯಾಕೇ ಬೀಳಿಸಿದರೆ ಮತ್ತೆ ಮತ್ತೆ ಎತ್ತಿ ನೋಡಬೇಡಿ. ಕತ್ತರಿಸಿದ ತುದಿಗಳನ್ನು ನೋಡಿ. ಅಳತೆಗೆ ಹ್ಯಾಕ್‌ಸಾ ಹಾಕಿದಾಗ ಅಲ್ಯುಮಿನಿಯಂ ಚೂರುಗಳು ಒಳಗೆ ಉಳಿಯುತ್ತವೆ, ತಾಮ್ರದ ತುದಿ ಬಾಡಿಯ ಸಮಕ್ಕೆ ಬಂದು ತಾಗುತ್ತದೆ. ಅರದಿಂದ ಅಂಚು ಉಜ್ಜಿ, ತಾಮ್ರವನ್ನು ಕೆಲವು ಮಿಲಿಮೀಟರ್ ಒಳಗೆ ಸರಿಸಿ, ಎಂಡ್ ಕ್ಯಾಪ್ ಹಾಕಲೇಬೇಕು. ಬಿಗಿಸುವ ಸ್ಕ್ರೂ ಟ್ರ್ಯಾಕ್ ಹಿಂದಿನ ವೈರನ್ನು ಚುಚ್ಚಿರುವುದು ಇನ್ನೊಂದು ಸಾಮಾನ್ಯ ಕಾರಣ. ಸ್ಲ್ಯಾಬಿಗೆ ಡ್ರಿಲ್ ಹಾಕುವಾಗ ಒಳಗಿನ ಪೈಪಿಗೆ ತಾಗಿದ್ದರೂ ಹೀಗಾಗುತ್ತದೆ.

ಆನ್ ಮಾಡಿದ ಆ ಕ್ಷಣಕ್ಕೆ ಮಾತ್ರ ಕೆಲವು ಸಲ ಬೀಳುತ್ತದೆ, ಮತ್ತೆ ಎತ್ತಿದರೆ ನಿಲ್ಲುತ್ತದೆ ಅಂದರೆ ಡ್ರೈವರ್‌ಗಳ ಕೆಪ್ಯಾಸಿಟರ್‌ಗಳು ಒಟ್ಟಿಗೆ ಚಾರ್ಜ್ ಆಗುವ ಏಟು ಅದು. ಬಿ ಕರ್ವ್ ಎಂಸಿಬಿ ತನ್ನ ರೇಟಿಂಗಿನ 3ರಿಂದ 5 ಪಟ್ಟು ಕರೆಂಟಿಗೆ ತಕ್ಷಣ ಬೀಳುತ್ತದೆ, ಸಿ ಕರ್ವ್ 5ರಿಂದ 10 ಪಟ್ಟು ಕರೆಂಟಿಗೆ. ಅದೇ ಆಂಪಿಯರಿನ ಸಿ ಕರ್ವ್ ಹಾಕಬಹುದಾ ಅಂತ ವೈರ್‌ಮನ್ ಹತ್ತಿರ ಕೇಳಿ. ಬೀಳಬಾರದು ಅಂತ 16 ಅಥವಾ 20 ಆಂಪಿಯರ್ ಎಂಸಿಬಿ ಹಾಕಿಸಬೇಡಿ, ದಯವಿಟ್ಟು. ಎಂಸಿಬಿ ಇರುವುದು ಲೈಟಿನ 1.5 ಚದರ ಮಿಲಿಮೀಟರ್ ವೈರನ್ನು ಕಾಪಾಡಲು. ಅದನ್ನು ದೊಡ್ಡದು ಮಾಡಿದರೆ ವೈರಿಗೆ ಕಾವಲು ಇಲ್ಲದಂತಾಗುತ್ತದೆ.

ಆರ್‌ಸಿಸಿಬಿ ಕಥೆಯಲ್ಲಿ ನ್ಯೂಟ್ರಲ್ಲೇ ಮುಖ್ಯ. ಮನೆಗೆ ಹಾಕುವ ಆರ್‌ಸಿಸಿಬಿ ಸಾಮಾನ್ಯವಾಗಿ 30 ಮಿಲಿಆಂಪಿಯರಿನದು. ಫೇಸಿನಲ್ಲಿ ಹೋದಷ್ಟೇ ಕರೆಂಟ್ ನ್ಯೂಟ್ರಲ್ಲಿನಲ್ಲಿ ವಾಪಸ್ ಬರುತ್ತಿದೆಯಾ ಅಂತ ಅದು ನೋಡುತ್ತದೆ. ಟ್ರ್ಯಾಕಿಗೆ ಫೇಸ್ ಒಂದು ಕಡೆಯಿಂದ, ನ್ಯೂಟ್ರಲ್ ಪಕ್ಕದ ರೂಮಿನ ಬೇರೆ ಲೈನಿನಿಂದ ತೆಗೆದಿದ್ದರೆ ಲೆಕ್ಕ ತಪ್ಪುತ್ತದೆ, ಬೀಳುತ್ತದೆ. ಯುಪಿಎಸ್ ಹಾಕುವಾಗ ನ್ಯೂಟ್ರಲ್‌ಗಳನ್ನು ಒಟ್ಟಿಗೆ ಸೇರಿಸಿದ್ದರೂ ಹೀಗೇ. ಮಳೆಗಾಲದಲ್ಲಿ ಮಾತ್ರ ಬೀಳುತ್ತದೆ ಅಂದರೆ ಸ್ಲ್ಯಾಬ್ ಸೋರುತ್ತಿದೆಯಾ, ಪೈಪಿನೊಳಗೆ ನೀರು ಇಳಿದಿದೆಯಾ ನೋಡಿಸಿ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಇದನ್ನು ಮೊದಲೇ ನೋಡುವುದು ಒಳ್ಳೆಯದು. ಏನೇ ಆದರೂ ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿಸಬೇಡಿ.

ಮಿನುಗುವುದು, ಗುಂಯ್ ಅನ್ನುವುದು, ಆಫ್ ಮಾಡಿದರೂ ಆರದಿರುವುದು

ಒಂದೇ ಹೆಡ್ ಮಿನುಗಿದರೆ ನಾಲಿಗೆ ಅಥವಾ ಅದರ ಡ್ರೈವರ್. ಟ್ರ್ಯಾಕ್ ಪೂರ್ತಿ ಮಿನುಗಿದರೆ ಲೈವ್ ಎಂಡ್ ಅಥವಾ ಸ್ವಿಚ್. ಸ್ವಿಚ್ ಪಟ್ಟನೆ ಹಾಕಿದಾಗ ಚಿಟಿಚಿಟಿ ಸದ್ದು ಕೇಳಿದರೆ ಸ್ವಿಚ್ ಬದಲಾಯಿಸಿಸಿ.

ಫ್ಯಾನ್ ರೆಗ್ಯುಲೇಟರ್ ಹಾಕಿ ಬೆಳಕು ಕಡಿಮೆ ಮಾಡಲು ಹೋಗಬೇಡಿ. ಅದು ಮೋಟರಿಗೆ ಮಾಡಿದ್ದು. ಡಿಮ್ ಆಗಬೇಕಾದರೆ ಹೆಡ್ಡಿನ ಮೇಲೆ ಡಿಮ್ಮಬಲ್ ಅಂತ ಬರೆದಿರಬೇಕು, ಎಲ್‌ಇಡಿಗೆ ಹೊಂದುವ ಡಿಮ್ಮರ್ ಇರಬೇಕು. ಎರಡರಲ್ಲಿ ಒಂದು ತಪ್ಪಿದರೂ ಮಿನುಗು, ಗುಂಯ್ ಸದ್ದು. ಯುಪಿಎಸ್‌ನಲ್ಲಿ ಓಡುವಾಗ ಮಾತ್ರ ಸದ್ದು ಬಂದರೆ ನಿಮ್ಮದು ಸ್ಕ್ವೇರ್ ವೇವ್ ಯುಪಿಎಸ್ ಇರಬಹುದು. ಸೈನ್ ವೇವ್ ಯುಪಿಎಸ್‌ನಲ್ಲಿ ಈ ತೊಂದರೆ ಸಾಮಾನ್ಯವಾಗಿ ಇರುವುದಿಲ್ಲ.

ಆಫ್ ಮಾಡಿದ ಮೇಲೂ ಕತ್ತಲಲ್ಲಿ ಮಂದವಾಗಿ ಬೆಳಕು ಕಂಡರೆ ಮೂರು ಕಾರಣ ಇರಬಹುದು: ಸ್ವಿಚ್ಚಿನಲ್ಲಿರುವ ಇಂಡಿಕೇಟರ್ ದೀಪ, ನ್ಯೂಟ್ರಲ್ ಬೇಡದ ಬಗೆಯ ಸ್ಮಾರ್ಟ್ ಸ್ವಿಚ್, ಅಥವಾ ನ್ಯೂಟ್ರಲ್ಲನ್ನೇ ಸ್ವಿಚ್ಚಿಗೆ ಕೊಟ್ಟಿರುವುದು. ಮೊದಲ ಎರಡರಿಂದ ಅಪಾಯ ಇಲ್ಲ. ಮೂರನೆಯದನ್ನು ಮಾತ್ರ ಬಿಡಬೇಡಿ. ಫೇಸ್ ಸ್ವಿಚ್ಚಿಗೆ, ನ್ಯೂಟ್ರಲ್ ನೇರವಾಗಿ ಟ್ರ್ಯಾಕಿಗೆ ಅಂತ ಬದಲಾಯಿಸಿಸಿ.

ಇಲ್ಲಿ ಒಂದು ಎಚ್ಚರಿಕೆ. ಟ್ರ್ಯಾಕ್ ಮಾತ್ರ ಅಲ್ಲ, ಮನೆಯ ಕೆಲವು ಲೈಟ್ ಜೋರಾಗಿ, ಕೆಲವು ಮಂಕಾಗಿ ಉರಿಯುತ್ತಿದ್ದರೆ ಮೇನ್ ನ್ಯೂಟ್ರಲ್ ಲೂಸ್ ಆಗಿದೆ. ಮೂರು ಫೇಸ್ ಮನೆಯಲ್ಲಿ ಆಗ ಕೆಲವು ಲೈನ್‌ಗಳಿಗೆ 300 ವೋಲ್ಟ್ ದಾಟಿ 400ರ ಹತ್ತಿರ ಬರಬಹುದು. ಡ್ರೈವರ್, ಟಿವಿ, ಫ್ರಿಜ್ ಎಲ್ಲ ಸುಡುತ್ತವೆ. ತಕ್ಷಣ ಮೇನ್ ಆಫ್ ಮಾಡಿ ವಿದ್ಯುತ್ ಕಂಪನಿಯ 1912ಕ್ಕೆ ಫೋನ್ ಮಾಡಿ.

ಬಾಡಿ ಮುಟ್ಟಿದರೆ ಜುಮ್ ಅಂದರೆ

ಹೆಡ್ ತಿರುಗಿಸುವಾಗ ಬೆರಳಿಗೆ ಜುಮ್ ಅಂದರೆ "ಪರವಾಗಿಲ್ಲ, ಸಣ್ಣ ಶಾಕ್" ಅಂತ ಬಿಡಬೇಡಿ. ಟ್ರ್ಯಾಕಿಗೆ ಅರ್ಥ್ ಸೇರಿಲ್ಲ. ಡ್ರೈವರಿನಿಂದ ಸಹಜವಾಗಿ ಸೋರುವ ಚೂರು ಕರೆಂಟ್ ಬಾಡಿಯಲ್ಲೇ ನಿಂತಿದೆ. ನಾಳೆ ಒಳಗೆ ಫೇಸ್ ವೈರ್ ಬಾಡಿಗೆ ತಾಗಿದರೆ ಪೂರ್ತಿ 230 ವೋಲ್ಟ್ ಅಲ್ಲಿ ಬರುತ್ತದೆ. ಹಸಿರು ವೈರ್ ಕನೆಕ್ಟರಿನಲ್ಲಿ ಸೇರಿದೆಯಾ, ಡಿಬಿಯವರೆಗೆ ಹೋಗಿದೆಯಾ ಅಂತ ನೋಡಿಸುವವರೆಗೆ ಆ ಟ್ರ್ಯಾಕ್ ಬಳಸಬೇಡಿ.

ಮ್ಯಾಗ್ನೆಟಿಕ್ ಟ್ರ್ಯಾಕ್

ಇಲ್ಲಿ 230 ವೋಲ್ಟ್ ಮೊದಲು ಡ್ರೈವರಿಗೆ ಹೋಗಿ 48 ವೋಲ್ಟ್ ಡಿಸಿ ಆಗಿ ಟ್ರ್ಯಾಕಿಗೆ ಬರುತ್ತದೆ. ಯಾವ ಕಾರಣಕ್ಕೂ 230 ನೇರವಾಗಿ ಟ್ರ್ಯಾಕಿಗೆ ಕೊಡಬಾರದು. ಎಲ್ಲ ಮಾಡ್ಯೂಲ್ (ಈ ಟ್ರ್ಯಾಕಿನ ಹೆಡ್‌ಗಳು) ಒಂದೇ ಕ್ಷಣಕ್ಕೆ ಸುಡುತ್ತವೆ.

ವೈರ್‌ಮನ್ ಹತ್ತಿರ ಡ್ರೈವರಿನ ಔಟ್‌ಪುಟ್ ಅಳೆಸಿ. 48ರ ಹತ್ತಿರ ಇದ್ದರೂ ಉರಿಯದಿದ್ದರೆ ಪ್ಲಸ್, ಮೈನಸ್ ಅದಲುಬದಲಾಗಿರಬಹುದು. ಸೊನ್ನೆ ಇದ್ದರೆ ಎಲ್ಲ ಮಾಡ್ಯೂಲ್ ತೆಗೆದು, ಡ್ರೈವರ್ ಒಂದು ನಿಮಿಷ ಆಫ್ ಮಾಡಿ ಮತ್ತೆ ಆನ್ ಮಾಡಿ. ಈಗ 48 ಬಂದರೆ ಒಂದು ಮಾಡ್ಯೂಲ್ ಶಾರ್ಟ್ ಆಗಿದೆ, ಒಂದೊಂದಾಗಿ ಹಾಕಿ ಹುಡುಕಿ. ಎಲ್ಲ ಮಾಡ್ಯೂಲ್ ಒಟ್ಟಿಗೆ ಆರಿ ಹೊತ್ತಿಕೊಳ್ಳುತ್ತಿದ್ದರೆ ಲೋಡ್ ಜಾಸ್ತಿ ಆಗಿದೆ. 100 ವ್ಯಾಟ್ ಡ್ರೈವರಿಗೆ 80 ವ್ಯಾಟಿಗಿಂತ ಮೇಲೆ ಹಾಕದಿರುವುದು ಒಳ್ಳೆಯದು. ಆ ಡ್ರೈವರ್ ಎಲ್ಲಿದೆ ಅಂತಲೇ ಗೊತ್ತಿಲ್ಲ, ಸೀಲಿಂಗ್ ಮೇಲೆ ಮುಚ್ಚಿ ಪೇಂಟ್ ಹೊಡೆದಿದ್ದಾರೆ ಅನ್ನುವ ಮನೆಗಳೂ ಇವೆ. ಕೆಲಸ ನಡೆಯುವಾಗಲೇ ಒಂದು ಸಣ್ಣ ಬಾಗಿಲು ಬಿಡಿಸಿಕೊಳ್ಳಿ.

ಟ್ರ್ಯಾಕ್ ಜೋತು ಬಿದ್ದರೆ

ಜಿಪ್ಸಂ ಬೋರ್ಡಿಗೆ ಬರೀ ಸ್ಕ್ರೂ ಹಾಕಿದರೆ ನಿಲ್ಲುವುದಿಲ್ಲ. ಸ್ಕ್ರೂ ಮೇಲಿನ ಜಿಐ ಚಾನಲ್ಲಿಗೆ (ಬೋರ್ಡನ್ನು ಹೊತ್ತಿರುವ ತಗಡಿನ ಪಟ್ಟಿ) ಸಿಗಬೇಕು. ಸಣ್ಣ ಮ್ಯಾಗ್ನೆಟ್ ಸೀಲಿಂಗ್ ಮೇಲೆ ಸರಿಸುತ್ತಾ ಹೋದರೆ ಚಾನಲ್ ಇರುವ ಕಡೆ ಅಂಟಿಕೊಳ್ಳುತ್ತದೆ. ಚಾನಲ್ ಸಿಗದ ಕಡೆ ಬೋರ್ಡಿನ ಹಿಂದೆ ರೆಕ್ಕೆ ಬಿಚ್ಚಿಕೊಳ್ಳುವ ಟಾಗಲ್ ಬೋಲ್ಟ್ ಹಾಕಿಸಿ. ಟ್ರ್ಯಾಕ್ ಬಾಗಿದರೆ ಜಾಯಿಂಟ್ ತೆರೆದುಕೊಂಡು ಮೇಲೆ ಹೇಳಿದ ತೊಂದರೆಗಳೆಲ್ಲ ಶುರುವಾಗುತ್ತವೆ.

ಸರಿ ಆಯಿತಾ ಅಂತ ನೋಡುವುದು

ಎಲ್ಲ ಹೆಡ್ ಹಾಕಿ ಒಂದು ಗಂಟೆ ಉರಿಯಲು ಬಿಡಿ. ಆಮೇಲೆ ಲೈವ್ ಎಂಡ್ ಮತ್ತು ಜಾಯಿಂಟಿನ ಪ್ಲಾಸ್ಟಿಕ್ ಹೊದಿಕೆಯನ್ನು ಕೈಹಿಂಭಾಗದಿಂದ ಮುಟ್ಟಿ ನೋಡಿ. ಹೆಡ್ ಬೆಚ್ಚಗಿರುವುದು ಸಹಜ, ಜಾಯಿಂಟ್ ಬಿಸಿ ಆಗಬಾರದು. ಬಿಸಿ ಆಗಿದ್ದರೆ ಅಲ್ಲಿ ಇನ್ನೂ ಲೂಸ್ ಇದೆ, ಆಫ್ ಮಾಡಿ ಮತ್ತೆ ಬಿಚ್ಚಿ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ, ಬೀಳಬೇಕು. ಬೀಳದಿದ್ದರೆ ಅದನ್ನೂ ಇದೇ ಸಲ ಬದಲಾಯಿಸಿಸಿ.